ಹಳೇ ಡಬ್ಬಾ ಟಿವಿಗೆ ಫೈರ್ ಟಿವಿ ಸ್ಟಿಕ್ ಜೋಡಿಸುವುದು ಹೇಗೆ

ಮನೆಯಲ್ಲಿ ಹಳೇ ಡಬ್ಬಾ ಟಿವಿ ಇದೆಯಾ? ಒನಿಡಾ, ಬಿಪಿಎಲ್, ವಿಡಿಯೋಕಾನ್, ಸೋನಿ ಟ್ರಿನಿಟ್ರಾನ್, ಯಾವುದಾದರೂ ಸರಿ. ಆನ್ ಮಾಡಿದಾಗ ಪರದೆ ಬೆಳಗಿ ಸ್ಪೀಕರ್‌ನಲ್ಲಿ ಸದ್ದು ಬಂದರೆ ಅದನ್ನು ಗುಜರಿಗೆ ಹಾಕಬೇಡಿ. ಇಂಟರ್ನೆಟ್‌ನ ಸಿನಿಮಾ, ಧಾರಾವಾಹಿಗಳನ್ನು ಟಿವಿಗೆ ತರುವ ಫೈರ್ ಟಿವಿ ಸ್ಟಿಕ್, ಆಂಡ್ರಾಯ್ಡ್ ಬಾಕ್ಸ್, ಇಲ್ಲವೇ ರಾಸ್ಪ್‌ಬೆರಿ ಪೈ ಅನ್ನುವ ಪುಟ್ಟ ಕಂಪ್ಯೂಟರ್, ಯಾವುದನ್ನು ಬೇಕಾದರೂ ಅದಕ್ಕೆ ಜೋಡಿಸಬಹುದು. ಖರ್ಚೂ ಜಾಸ್ತಿ ಇಲ್ಲ. ವೈರ್ ಚುಚ್ಚುವುದು ಐದು ನಿಮಿಷದ ಕೆಲಸ. ಜನ ಸುಸ್ತಾಗುವುದು ಆಮೇಲೆ: ಚಿತ್ರ ಕಪ್ಪು-ಬಿಳುಪಾಗಿ ಬರುತ್ತದೆ, ಮುಖಗಳೆಲ್ಲ ಉದ್ದುದ್ದ ಕಾಣುತ್ತವೆ, ಸದ್ದೇ ಬರುವುದಿಲ್ಲ. ಇಷ್ಟಕ್ಕೂ ಪರಿಹಾರ ಇದೆ.

ಮೊದಲು ಟಿವಿಯನ್ನು ತಿರುಗಿಸಿ ಹಿಂದೆ ಏನೇನು ತೂತುಗಳಿವೆ ನೋಡಿ. ಮುಂದಿನದೆಲ್ಲ ಅದರ ಮೇಲೇ ನಿಂತಿದೆ. ಹಳದಿ, ಬಿಳಿ, ಕೆಂಪು ಬಣ್ಣದ ಮೂರು ಗುಂಡನೆಯ ಸಾಕೆಟ್ ಕಂಡರೆ ಕೆಲಸ ಸುಲಭ. ಹಳದಿಯಲ್ಲಿ ಚಿತ್ರ, ಬಿಳಿಯಲ್ಲಿ ಎಡಗಡೆ ಸದ್ದು, ಕೆಂಪಿನಲ್ಲಿ ಬಲಗಡೆ ಸದ್ದು. ಕೆಲವು ಟಿವಿಗಳಲ್ಲಿ ಹಳದಿ, ಬಿಳಿ ಎರಡೇ ಇರುತ್ತವೆ, ಅಂದರೆ ಅದು ಮೋನೋ ಟಿವಿ. ತೊಂದರೆ ಇಲ್ಲ, ಕೆಂಪು ಪಿನ್ ಸುಮ್ನೆ ನೇತಾಡಲಿ. ಎಷ್ಟೋ ಟಿವಿಗಳಲ್ಲಿ ಇವೇ ಸಾಕೆಟ್‌ಗಳು ಮುಂದೆ ಸಣ್ಣ ಮುಚ್ಚಳದ ಕೆಳಗೆ ಅಥವಾ ಪಕ್ಕದಲ್ಲೂ ಇರುತ್ತವೆ, ಅಲ್ಲೂ ಒಮ್ಮೆ ನೋಡಿಬಿಡಿ.

ಸ್ಟಿಕ್‌ನ ತುದಿಯಲ್ಲಿರುವುದು ಹೊಸ ಟಿವಿಗಳಿಗೆ ಹೊಂದುವ ಎಚ್‌ಡಿಎಂಐ ಪಿನ್, ಎವಿ ಅನ್ನುವ ಈ ಬಣ್ಣದ ಸಾಕೆಟ್‌ಗಳಿಗೆ ಅದು ಕೂರುವುದಿಲ್ಲ. ಹಾಗಾಗಿ ಈಗ ಬೇಕಾದ್ದು ಒಂದು ಕನ್ವರ್ಟರ್. ಅಂಗಡಿಯಲ್ಲಿ 'ಎಚ್‌ಡಿಎಂಐ ಟು ಎವಿ ಕನ್ವರ್ಟರ್' ಅಂತ ಕೇಳಿ. ಬೆಂಗಳೂರಿನ ಎಸ್‌ಪಿ ರೋಡ್‌ನಲ್ಲೂ ಸಿಗುತ್ತದೆ, ಆನ್‌ಲೈನ್‌ನಲ್ಲೂ ಸಿಗುತ್ತದೆ, ಸಾಮಾನ್ಯವಾಗಿ ಸಾವಿರ ರೂಪಾಯಿಯೊಳಗೇ ಆಗುತ್ತದೆ. ಕೊಳ್ಳುವಾಗ ಎರಡು ವಿಷಯ ಗಮನಿಸಿ. ಇದೇ ಆಕಾರದಲ್ಲಿ, ಇದೇ ಬಣ್ಣದಲ್ಲಿ 'ಎವಿ ಟು ಎಚ್‌ಡಿಎಂಐ' ಡಬ್ಬಿಯೂ ಬರುತ್ತದೆ. ಅದು ಉಲ್ಟಾ ಕೆಲಸದ್ದು, ಹಳೇ ಡಿವಿಡಿ ಪ್ಲೇಯರ್ ಅನ್ನು ಹೊಸ ಟಿವಿಗೆ ಹಾಕಲು. ಹಾಗಾಗಿ ಎಚ್‌ಡಿಎಂಐ ಪಕ್ಕದಲ್ಲಿ 'ಇನ್‌ಪುಟ್' ಅಂತ ಬರೆದಿದೆಯಾ ಎಂದು ಡಬ್ಬಿಯ ಮೇಲೇ ಓದಿ ತಗೊಳ್ಳಿ. ಇನ್ನೊಂದು, ಒಂದು ತುದಿಯಲ್ಲಿ ಎಚ್‌ಡಿಎಂಐ, ಇನ್ನೊಂದು ತುದಿಯಲ್ಲಿ ಮೂರು ಬಣ್ಣದ ಪಿನ್ ಇರುವ ಬರೀ ಕೇಬಲ್ ತೋರಿಸಿ ಇದೇ ಸಾಕು ಅನ್ನುತ್ತಾರೆ. ಸಾಕಾಗುವುದಿಲ್ಲ. ಎಚ್‌ಡಿಎಂಐನಲ್ಲಿ ಬರುವುದು ಡಿಜಿಟಲ್ ಸಿಗ್ನಲ್, ಡಬ್ಬಾ ಟಿವಿಗೆ ಬೇಕಾದ್ದು ಅನಲಾಗ್. ಮಧ್ಯದಲ್ಲಿ ಚಿಪ್ ಕೂತು ಬದಲಾಯಿಸದೆ ಬರೀ ತಾಮ್ರದ ತಂತಿಯಿಂದ ಆ ಕೆಲಸ ಆಗುವುದಿಲ್ಲ.

ಕನ್ವರ್ಟರ್ ಕೈಗೆ ಬಂದ ಮೇಲೆ ಅದರ ಪಕ್ಕವನ್ನು ಬೆಳಕಿಗೆ ಹಿಡಿದು ನೋಡಿ. ಅಂಗೈಯಲ್ಲಿ ಹಿಡಿಸುವ ಡಬ್ಬಿ, ಅದರಲ್ಲಿ ಉಗುರಿನಿಂದ ಸರಿಸುವಷ್ಟು ಸಣ್ಣ ಸ್ವಿಚ್ ಇರುತ್ತದೆ, ಒಂದು ಕಡೆ ಎನ್‌ಟಿಎಸ್‌ಸಿ, ಇನ್ನೊಂದು ಕಡೆ ಪಾಲ್. ಇವೆರಡೂ ಟಿವಿ ಸಿಗ್ನಲ್‌ನ ಬೇರೆ ಬೇರೆ ಪದ್ಧತಿಗಳು. ಅದನ್ನು ಪಾಲ್ ಕಡೆಗೆ ಸರಿಸಿ. ಭಾರತದಲ್ಲಿ ಮಾರಾಟವಾದ ಟಿವಿಗಳೆಲ್ಲ ಪಾಲ್ ಲೆಕ್ಕಕ್ಕೆ ಮಾಡಿದವು: 625 ಗೆರೆ, ಅದರಲ್ಲಿ ಚಿತ್ರಕ್ಕೆ 576, ಸೆಕೆಂಡಿಗೆ 25 ಫ್ರೇಮ್. ಎನ್‌ಟಿಎಸ್‌ಸಿಯದು 525 ಗೆರೆಯ ಬೇರೆ ಲೆಕ್ಕ. ಸ್ವಿಚ್ ಆ ಕಡೆ ಇದ್ದರೆ ಪಾಲ್ ಮಾತ್ರ ಗೊತ್ತಿರುವ ಟಿವಿಯಲ್ಲಿ ಬಣ್ಣ ಹೋಗಿಬಿಡುತ್ತದೆ, ಕೆಲವೊಮ್ಮೆ ಚಿತ್ರ ಮೇಲಿಂದ ಕೆಳಗೆ ಉರುಳುತ್ತಲೇ ಇರುತ್ತದೆ. ಟಿವಿ ಕೆಟ್ಟಿದೆ ಅಂತ ಮೆಕ್ಯಾನಿಕ್‌ಗೆ ಫೋನ್ ಮಾಡುವ ಮೊದಲು ಈ ಸ್ವಿಚ್ ನೋಡಿ.

ಇನ್ನು ಪವರ್. ಕನ್ವರ್ಟರ್‌ಗೂ 5 ವೋಲ್ಟ್ ಬೇಕು, ಸ್ಟಿಕ್‌ಗೂ ಬೇಕು. ಡಬ್ಬಾ ಟಿವಿಯಲ್ಲಿ ಯುಎಸ್‌ಬಿ ಪೋರ್ಟ್ ಎಲ್ಲಿಂದ ಬರಬೇಕು? ಎರಡು ಮೊಬೈಲ್ ಅಡಾಪ್ಟರ್ ಇಟ್ಟುಕೊಳ್ಳಿ. ಸ್ಟಿಕ್‌ಗೆ ಅದರ ಜತೆ ಬಂದ ಅಡಾಪ್ಟರನ್ನೇ ಹಾಕಿ, ಕನ್ವರ್ಟರ್‌ಗೆ 1 ಆಂಪಿಯರ್‌ನ ಹಳೇದು ಸಾಕು. ಎಲ್ಲಾ ಜೋಡಿಸಿದ ಮೇಲೆ ಟಿವಿ ಆನ್ ಮಾಡಿ ರಿಮೋಟ್‌ನಲ್ಲಿ ಎವಿ ಒತ್ತಿ, ನಂತರ ಕನ್ವರ್ಟರ್, ಕೊನೆಗೆ ಸ್ಟಿಕ್. ಈ ಕ್ರಮಕ್ಕೆ ಕಾರಣ ಇದೆ. ಸ್ಟಿಕ್ ಎದ್ದ ತಕ್ಷಣ ಎದುರಿಗೆ ಯಾವ ಪರದೆ ಇದೆ, ಎಷ್ಟು ರೆಸಲ್ಯೂಷನ್ ತಗೊಳ್ಳುತ್ತದೆ ಅಂತ ಎಚ್‌ಡಿಎಂಐ ಮೂಲಕ ಕೇಳುತ್ತದೆ. ಉತ್ತರ ಕೊಡಬೇಕಾದ ಕನ್ವರ್ಟರ್ ಆಗಲೇ ಎಚ್ಚರ ಇರಬೇಕಲ್ವಾ.

ಚಿತ್ರ ಬಂತಾ? ಹಾಗಿದ್ದರೆ ಸ್ಟಿಕ್‌ನ ಸೆಟ್ಟಿಂಗ್ಸ್‌ಗೆ ಹೋಗಿ, 'ಡಿಸ್‌ಪ್ಲೇ ಅಂಡ್ ಸೌಂಡ್ಸ್' ತೆರೆದು ವಿಡಿಯೋ ರೆಸಲ್ಯೂಷನ್ ಅನ್ನು 'ಆಟೋ'ದಿಂದ ತೆಗೆದು 1080ಪಿ 50 ಹರ್ಟ್ಜ್‌ಗೆ ಇಡಿ. ಟಿವಿಯೂ ಆ 25 ಫ್ರೇಮ್‌ಗಳನ್ನು ಅರ್ಧರ್ಧ ಮಾಡಿ ಸೆಕೆಂಡಿಗೆ 50 ಸಲ ತೋರಿಸುವುದರಿಂದ ಕ್ಯಾಮೆರಾ ಅಡ್ಡ ಸರಿಯುವಾಗ ಆಗುವ ಎಳೆದಾಟ ಕಡಿಮೆಯಾಗುತ್ತದೆ. ಪರದೆ ಪೂರ್ತಿ ಕಪ್ಪಾಗಿ ಮೆನುವೇ ಕಾಣದಿದ್ದರೆ ಸ್ಟಿಕ್‌ನ ರಿಮೋಟ್‌ನಲ್ಲಿ ಮೇಲಿನ ಬಾಣ ಮತ್ತು ರಿವೈಂಡ್ ಎರಡನ್ನೂ ಒಟ್ಟಿಗೆ ಹತ್ತು ಸೆಕೆಂಡ್ ಒತ್ತಿ ಹಿಡಿಯಿರಿ. ಅದು ಒಂದೊಂದೇ ರೆಸಲ್ಯೂಷನ್ ಹಾಕಿ ತೋರಿಸುತ್ತಾ ಹೋಗುತ್ತದೆ, ಕಾಣುವಂಥದ್ದು ಬಂದಾಗ ಒಪ್ಪಿಕೊಂಡರೆ ಆಯಿತು. ಮೆನು ಚೆನ್ನಾಗಿ ಕಂಡು, ಸಿನಿಮಾ ಶುರು ಮಾಡಿದಾಗ ಮಾತ್ರ ಕಪ್ಪಾದರೆ ಅನುಮಾನ ಬೇರೆ ಕಡೆ: ಒಟಿಟಿ ಆ್ಯಪ್‌ಗಳು ಕಾಪಿ ತಡೆಯಲು ಬಳಸುವ ಎಚ್‌ಡಿಸಿಪಿ ಆ ಕನ್ವರ್ಟರ್‌ಗೆ ಗೊತ್ತಿಲ್ಲ. ಅದಕ್ಕೆ ಸೆಟ್ಟಿಂಗ್ ಇಲ್ಲ, ಅಂಗಡಿಯಲ್ಲಿ ಬದಲಾಯಿಸಿಕೊಳ್ಳಬೇಕು.

ಸದ್ದು ಬರದಿದ್ದರೆ ಬಹುತೇಕ ಡಾಲ್ಬಿ ಅನ್ನುವ, ಹಲವು ಸ್ಪೀಕರ್‌ಗೆ ಮಾಡಿದ ಸದ್ದಿನ ಪದ್ಧತಿಯೇ ಕಾರಣ. ಕನ್ವರ್ಟರ್‌ಗೆ ಸಾದಾ ಸ್ಟೀರಿಯೋ ಮಾತ್ರ ಅರ್ಥವಾಗುತ್ತದೆ. ಆಡಿಯೋ ಸೆಟ್ಟಿಂಗ್‌ನಲ್ಲಿ ಸರೌಂಡ್ ಸೌಂಡ್ ಅನ್ನು ಪಿಸಿಎಂ ಅಥವಾ ಸ್ಟೀರಿಯೋಗೆ ಬದಲಾಯಿಸಿ.

ಈಗ ಚಿತ್ರದ ಆಕಾರ. ನನ್ನ ಪ್ರಕಾರ ಇದಕ್ಕೆ ಸ್ವಲ್ಪ ಹೊತ್ತು ಕೊಡಲೇಬೇಕು, ಯಾಕೆಂದರೆ ಜನ ಇಲ್ಲಿಗೆ ಬಂದು 'ಬಂತಲ್ಲ ಸಾಕು' ಅಂತ ಬಿಟ್ಟುಬಿಡುತ್ತಾರೆ, ವರ್ಷಗಟ್ಟಲೆ ಎಲ್ಲರ ಮುಖವನ್ನೂ ಉದ್ದುದ್ದವಾಗಿ ನೋಡುತ್ತಾರೆ. ಸ್ಟಿಕ್ ಕಳಿಸುವುದು 16:9 ಅಗಲದ ಚಿತ್ರ, ಡಬ್ಬಾ ಟಿವಿಯ ಪರದೆ 4:3. ಅಗ್ಗದ ಕನ್ವರ್ಟರ್‌ಗಳು ಅಗಲವನ್ನು ಹಿಂಡಿ ಅದರೊಳಗೆ ತುರುಕುತ್ತವೆ. ಕೆಲವು ಕನ್ವರ್ಟರ್‌ಗಳಲ್ಲಿ ಇದಕ್ಕೂ ಒಂದು ಸ್ವಿಚ್ ಇರುತ್ತದೆ, ಸಿಕ್ಕರೆ ಅಂಥದ್ದನ್ನೇ ತಗೊಳ್ಳಿ. ಕೊನೆ ಕೊನೆಯಲ್ಲಿ ಬಂದ ಫ್ಲಾಟ್ ಡಬ್ಬಾ ಟಿವಿಗಳ ಮೆನುವಿನಲ್ಲಿ 16:9 ಅಥವಾ ವೈಡ್ ಅನ್ನುವ ಆಯ್ಕೆಯೂ ಇರುತ್ತದೆ. ಅದನ್ನು ಹಾಕಿದರೆ ಮೇಲೆ ಕೆಳಗೆ ಕಪ್ಪು ಪಟ್ಟಿ ಬಂದು ಮುಖಗಳು ಸರಿಯಾಗುತ್ತವೆ. 576 ಗೆರೆಗಳೂ ಚಿತ್ರದೊಳಗೇ ಉಳಿಯುವುದರಿಂದ ಎಲ್ಲಕ್ಕಿಂತ ಒಳ್ಳೇ ದಾರಿ ಇದೇ. ಎರಡೂ ಇಲ್ಲ ಅಂದರೆ, ನಿಮ್ಮ ಬಳಿ ಇರುವ ಫೈಲ್‌ಗಳನ್ನು ಕೋಡಿ ಆ್ಯಪ್‌ನಲ್ಲಿ ನೋಡಿ. ಅದರ ವಿಡಿಯೋ ಕ್ಯಾಲಿಬ್ರೇಷನ್‌ನಲ್ಲಿ ಪರದೆ ಮಧ್ಯೆ ಒಂದು ಚೌಕ ಬರುತ್ತದೆ. ಟಿವಿ ಗಾಜಿನ ಮೇಲೆ ಸ್ಕೇಲ್ ಇಟ್ಟು ಉದ್ದ, ಅಗಲ ಅಳೆದು, ಎರಡೂ ಸಮ ಬರುವ ತನಕ ಬಾಣದ ಕೀಲಿ ಒತ್ತಿ. ಮೂಲೆಗಳನ್ನೂ ಅಲ್ಲೇ ಒಳಗೆ ಎಳೆಯಬಹುದು. ಡಬ್ಬಾ ಟಿವಿ ಚಿತ್ರದ ಅಂಚನ್ನು ಒಂದಿಷ್ಟು ನುಂಗುತ್ತದೆ, ಹಾಗೆ ಬಿಟ್ಟರೆ ಸಬ್‌ಟೈಟಲ್‌ನ ಕೆಳಗಿನ ಸಾಲು ಹೋಗಿಬಿಡುತ್ತದೆ.

ಆಂಡ್ರಾಯ್ಡ್ ಬಾಕ್ಸ್ ಇದ್ದವರು ಕನ್ವರ್ಟರ್‌ಗೆ ಓಡುವ ಮೊದಲು ಅದರ ಹಿಂದೆ 'ಎವಿ' ಅಂತ ಬರೆದ ಇಯರ್‌ಫೋನ್ ಗಾತ್ರದ ತೂತು ಇದೆಯಾ ನೋಡಿ. ರಾಸ್ಪ್‌ಬೆರಿ ಪೈ 3, 4ರಲ್ಲೂ ಇದೆ, ಆದರೆ 4ರಲ್ಲಿ ಅದನ್ನು ಸೆಟ್ಟಿಂಗ್‌ನಲ್ಲಿ ಆನ್ ಮಾಡಬೇಕು. ಇದಕ್ಕೆ ಬೇಕಾದ್ದು 3.5 ಮಿ.ಮೀ. ಪಿನ್‌ನಿಂದ ಮೂರು ಬಣ್ಣಕ್ಕೆ ಹೋಗುವ ಕೇಬಲ್. ಪಿನ್ ಮೇಲೆ ಮೂರು ಕಪ್ಪು ಗೆರೆ, ನಾಲ್ಕು ಭಾಗ ಇರಬೇಕು. ಪೈನಲ್ಲಿ ತುದಿಯಿಂದ ಬುಡಕ್ಕೆ ಎಡ ಸದ್ದು, ಬಲ ಸದ್ದು, ಗ್ರೌಂಡ್, ಚಿತ್ರ ಎನ್ನುವ ಕ್ರಮ. ಹಳೇ ಹ್ಯಾಂಡಿಕ್ಯಾಮ್ ಕೇಬಲ್‌ಗಳಲ್ಲಿ ಈ ಕ್ರಮ ಬೇರೆ ಇರಬಹುದು. ಚಿತ್ರ ಬಾರದಿದ್ದರೆ ಕೆಂಪು ಪಿನ್ ಅನ್ನು ಹಳದಿ ಸಾಕೆಟ್‌ಗೆ ಹಾಕಿ ನೋಡಿ, ಅದಕ್ಕೂ ಜಗ್ಗದಿದ್ದರೆ ಆ ಕೇಬಲ್ ಬಿಡಿ.

ಹಸಿರು, ನೀಲಿ, ಕೆಂಪು ಸಾಕೆಟ್ ಇರುವ ಟಿವಿಯವರಿಗೆ ಒಂದು ಮಾತು. ಡಿವಿಡಿಗೆ ಅಂತ ಕೊಟ್ಟಿದ್ದ ಈ 'ಕಾಂಪೊನೆಂಟ್' ಸಾಕೆಟ್‌ನಲ್ಲಿ ಚಿತ್ರ ನಿಜಕ್ಕೂ ಚೊಕ್ಕ. ಆದರೆ ಎಚ್‌ಡಿಎಂಐ ಟು ಕಾಂಪೊನೆಂಟ್ ಡಬ್ಬಿಗಳಲ್ಲಿ ಬಹಳಷ್ಟು ಬಂದ ಸಿಗ್ನಲನ್ನು 720ಪಿ, 1080ಪಿಯಲ್ಲೇ ದಾಟಿಸುತ್ತವೆ, ಮಾಮೂಲಿ ಡಬ್ಬಾ ಟಿವಿಗೆ ಬೇಕಾದ್ದು 576ಐ, ಅಂದರೆ ಮೇಲೆ ಹೇಳಿದ ಪಾಲ್‌ನ 576 ಗೆರೆಯ ಚಿತ್ರ. ಔಟ್‌ಪುಟ್ 576ಐ ಅಂತ ಸ್ಪಷ್ಟವಾಗಿ ಬರೆದಿಲ್ಲದಿದ್ದರೆ ದುಡ್ಡು ಹಾಕಬೇಡಿ.

ಆಂಟೆನಾ ಸಾಕೆಟ್ ಬಿಟ್ಟು ಬೇರೇನೂ ಇಲ್ಲದ ಇನ್ನೂ ಹಳೇ ಟಿವಿಗೆ ಕನ್ವರ್ಟರ್ ಆದ ಮೇಲೆ ಒಂದು ಆರ್‌ಎಫ್ ಮಾಡ್ಯುಲೇಟರ್ ಬೇಕು. ಅದು ಎವಿ ಸಿಗ್ನಲನ್ನು ಒಂದು ಚಾನೆಲ್ ಆಗಿ ಮಾಡಿ ಕೊಡುತ್ತದೆ, ಟಿವಿಯಲ್ಲಿ ಆ ಚಾನೆಲ್ ಟ್ಯೂನ್ ಮಾಡಿಕೊಳ್ಳಬೇಕು. ಅಟ್ಟದ ಮೇಲೆ ಕೆಲಸ ಮಾಡುವ ವಿಸಿಆರ್ ಇದ್ದರೆ ಅದೇ ಸಾಕು, ಎವಿ ಇನ್‌ಗೆ ಕೊಟ್ಟು ಆರ್‌ಎಫ್ ಔಟ್‌ನಿಂದ ತೆಗೆಯಿರಿ. ಅಮೆರಿಕದಿಂದ ತರಿಸಿದ ಮಾಡ್ಯುಲೇಟರ್ ಬೇಡ. ಅಲ್ಲಿ ಚಿತ್ರಕ್ಕೂ ಸದ್ದಿಗೂ 4.5 ಮೆಗಾಹರ್ಟ್ಜ್ ಅಂತರ, ನಮ್ಮಲ್ಲಿ 5.5. ಚಿತ್ರ ಬಂದರೂ ಮಾತು ಕೇಳಿಸುವುದಿಲ್ಲ. ಟಿವಿಯಲ್ಲಿ ಚಪ್ಪಟೆ ವೈರ್ ಕಟ್ಟುವ ಎರಡು ಸ್ಕ್ರೂ ಮಾತ್ರ ಇದ್ದರೆ ಮಧ್ಯೆ 75 ಓಮ್‌ನಿಂದ 300 ಓಮ್‌ಗೆ ಬದಲಾಯಿಸುವ ಸಣ್ಣ ಬ್ಯಾಲನ್ (balun) ಟ್ರಾನ್ಸ್‌ಫಾರ್ಮರ್ ಹಾಕಿ.

ಇಂಥ ಟಿವಿಯ ಹಿಂದಿನ ಮುಚ್ಚಳ ಬಿಚ್ಚಿ ಎವಿ ವೈರ್ ಎಳೆದುಕೊಡುತ್ತೇನೆ ಅಂತ ಯಾರಾದರೂ ಅಂದರೆ ದಯವಿಟ್ಟು ಒಪ್ಪಬೇಡಿ, ನೀವೂ ಕೈ ಹಾಕಬೇಡಿ. ಆ ಕಾಲದ ಎಷ್ಟೋ ಟಿವಿಗಳ ಒಳಗಿನ ಚಾಸಿಸ್ ನೇರವಾಗಿ 230 ವೋಲ್ಟ್ ಮೇನ್ಸ್‌ಗೆ ಸೇರಿಕೊಂಡಿರುತ್ತದೆ. ಅಲ್ಲಿಂದ ಹೊರಗೆ ತಂದ ಸಾಕೆಟ್ ಮುಟ್ಟಿದರೆ ಶಾಕ್ ಹೊಡೆಯುತ್ತದೆ, ಜೀವಕ್ಕೇ ಅಪಾಯ. ಪಿಕ್ಚರ್ ಟ್ಯೂಬ್‌ಗೆ ಹೋಗುವ ವೋಲ್ಟೇಜ್ ಬಣ್ಣದ ಟಿವಿಯಲ್ಲಿ 20 ಸಾವಿರ ದಾಟುತ್ತದೆ, ಪ್ಲಗ್ ಕಿತ್ತ ಮೇಲೂ ಅದು ಒಳಗೆ ಉಳಿದಿರಬಹುದು.

ಏನು ನೋಡಬೇಕು ಅಂತ ಕೇಳಿದರೆ, ಸಣ್ಣ ಅಕ್ಷರಗಳ ಸುದ್ದಿ ಪಟ್ಟಿಗೆ, ಕ್ರಿಕೆಟ್ ಸ್ಕೋರ್‌ಕಾರ್ಡ್‌ಗೆ ಈ ಪರದೆ ಹೇಳಿದ್ದಲ್ಲ. ಹಳದಿ ಕೇಬಲ್‌ನಲ್ಲಿ ಅಕ್ಷರದ ಅಂಚು ಕಲಸಿಹೋಗುತ್ತದೆ. ಹಳೇ ಕಪ್ಪು-ಬಿಳುಪು ಕನ್ನಡ ಸಿನಿಮಾ, ದೂರದರ್ಶನದ ಕಾಲದ ಧಾರಾವಾಹಿ ಹಾಕಿ ನೋಡಿ. 4:3ರಲ್ಲೇ ತೆಗೆದಂಥವು ಪರದೆ ತುಂಬಾ ಕೂರುತ್ತವೆ, ಗಾಢ ಕಪ್ಪು ಎಷ್ಟು ಚೆನ್ನಾಗಿ ಬರುತ್ತದೆ ಅಂದರೆ ಅಗ್ಗದ ಎಲ್‌ಇಡಿ ಟಿವಿಯಲ್ಲಿ ಅದು ಸಿಗುವುದೇ ಇಲ್ಲ. ಆದರೆ ಇಂಥವನ್ನು ಸ್ಟಿಕ್ ಎರಡೂ ಪಕ್ಕ ಕಪ್ಪು ಪಟ್ಟಿ ಸೇರಿಸಿ ಕಳಿಸುತ್ತದೆ. ಆಗ ಟಿವಿಯ 16:9 ಆಯ್ಕೆ ಹಾಗೇ ಇದ್ದರೆ ನಾಲ್ಕೂ ಕಡೆ ಕಪ್ಪು ಕಟ್ಟಿನೊಳಗೆ ಪುಟ್ಟ ಚಿತ್ರ ಕಾಣುತ್ತದೆ. ಮೆನುವಿನಲ್ಲಿ ಮತ್ತೆ 4:3ಕ್ಕೆ ತಂದು, ಪ್ಲೇಯರ್ ಆ್ಯಪ್‌ನಲ್ಲಿ ಚಿತ್ರವನ್ನು ಪೂರ್ತಿ ಪರದೆಗೆ ಹಿಗ್ಗಿಸಿದರೆ ಆಕಾರವೂ ಸರಿಯಾಗುತ್ತದೆ, ಪರದೆಯೂ ತುಂಬುತ್ತದೆ.