ಮಿರೋ ಬೋರ್ಡಿನಲ್ಲಿ ಫಿಗ್ಮಾ ಫೈಲ್: ಸೋರಿಕೆ ನಿಲ್ಲಿಸಿದ ನನ್ನ ಅನುಭವ

ಎಂಟು ತಿಂಗಳಾಯಿತು. ನಮ್ಮ ಬೋರ್ಡ್‌ಗಳಿಂದ ತೋರಿಸಬಾರದ ಒಂದು ಸ್ಕ್ರೀನ್ ಕೂಡ ಹೊರಗೆ ಹೋಗಿಲ್ಲ. (ಮಿರೋ ಎಂದರೆ ಎಲ್ಲರೂ ಸೇರಿ ಬಳಸುವ ಆನ್‌ಲೈನ್ ವೈಟ್‌ಬೋರ್ಡ್, ಫಿಗ್ಮಾ ಎಂದರೆ ಸ್ಕ್ರೀನ್ ವಿನ್ಯಾಸದ ತಂತ್ರಾಂಶ. ಬೋರ್ಡಿನೊಳಗೇ ಫಿಗ್ಮಾ ಫೈಲನ್ನು ನೇರವಾಗಿ ತೋರಿಸುವುದು ಎಂಬೆಡ್.) "ಎಂಬೆಡ್ ಪೂರ್ತಿ ಬಂದ್ ಮಾಡದೆ ಇದು ಆಗುವ ಕೆಲಸವೇ ಅಲ್ಲ" ಎಂದು ನನಗೆ ಹೇಳಿದವರು ಕನಿಷ್ಠ ಮೂವರು. ಅದರಲ್ಲಿ ಒಬ್ಬರು ಸೆಕ್ಯುರಿಟಿ ಸಲಹೆಗಾರರು. ಅದನ್ನೇ ಹೇಳಲು ಮೂರೂವರೆ ಲಕ್ಷದ ಕೊಟೇಶನ್ ಕೊಟ್ಟಿದ್ದರು. ಎಂಬೆಡ್ ಬಂದ್ ಮಾಡದೆಯೇ ಆಯಿತು. ಹೇಗೆ ಅಂತ ಬರೆದಿಡುತ್ತಿದ್ದೇನೆ.

ಬೆಂಗಳೂರಿನಲ್ಲಿ ನಮ್ಮದೊಂದು ಡಿಸೈನ್ ಸ್ಟುಡಿಯೋ, 34 ಜನ. ಫಿಗ್ಮಾ, ಮಿರೋ ಎರಡರ ಅಡ್ಮಿನ್ ಕೆಲಸವೂ ನನ್ನದೇ.

ಶುರುವಾದದ್ದು 2023ರ ಮಳೆಗಾಲದಲ್ಲಿ. ಒಬ್ಬ ಡಿಸೈನರ್ ವರ್ಕ್‌ಶಾಪ್ ಬೋರ್ಡಿನಲ್ಲಿ ಒಂದೇ ಒಂದು ಫ್ರೇಮ್‌ನ ಲಿಂಕ್ ಹಾಕಿದ. ಬೋರ್ಡಿನ ಲಿಂಕ್ ಗ್ರಾಹಕರ ವಾಟ್ಸಾಪ್ ಗುಂಪಿಗೆ ಹೋಯಿತು. ಅಲ್ಲಿ ಯಾರೋ ಎಂಬೆಡ್ ಮೇಲೆ ಒತ್ತಿ ಫಿಗ್ಮಾದಲ್ಲೇ ತೆರೆದರು. ಇಡೀ ಫೈಲ್ ತೆರೆಯಿತು. ನಾಲ್ಕನೇ ಪೇಜಿನಲ್ಲಿ ಅವರದೇ ಪ್ರತಿಸ್ಪರ್ಧಿಗೆ ನಾವು ಮಾಡುತ್ತಿದ್ದ ಲೋಗೋ ಕರಡುಗಳಿದ್ದವು. ಜೊತೆಗೆ ನಮ್ಮೊಳಗಿನ ಕಾಮೆಂಟುಗಳು. ಎರಡು ಮುಕ್ಕಾಲು ಲಕ್ಷದ ಬಿಲ್ ಎರಡು ತಿಂಗಳು ನಿಂತಿತು. ಪ್ರತಿಸ್ಪರ್ಧಿ ಕಂಪನಿ ಮತ್ತೆ ನಮ್ಮ ಕಡೆ ಬರಲೇ ಇಲ್ಲ.

ಲಿಂಕಿನ ಕೊನೆಯಲ್ಲಿರುವ ನೋಡ್ ಐಡಿ (ಫೈಲಿನೊಳಗಿನ ಆ ಫ್ರೇಮ್, ಅಂದರೆ ಒಂದು ಸ್ಕ್ರೀನಿನ ಗುರುತು) ಅನುಮತಿಯಲ್ಲ, ಬರೀ ವಿಳಾಸ. ಎಲ್ಲಿ ತೆರೆಯಬೇಕು ಅನ್ನುವುದನ್ನಷ್ಟೇ ಹೇಳುತ್ತದೆ. ಅನುಮತಿ ಇರುವುದು ಫೈಲ್ ಮಟ್ಟದಲ್ಲಿ. ಇದು ನಮಗೆಲ್ಲ ಗೊತ್ತು, ಅಲ್ವಾ? ಆದರೆ ಬೆಳಿಗ್ಗೆ ಹತ್ತು ಗಂಟೆಗೆ ಪ್ರೆಸೆಂಟೇಶನ್ ಇಟ್ಟುಕೊಂಡ ಡಿಸೈನರ್‌ಗೆ ಒಂಬತ್ತೂ ಐವತ್ತಕ್ಕೆ ಅದು ನೆನಪಿರುವುದಿಲ್ಲ.

ಮೊದಲು ನಾನು ಮಾಡಿದ್ದು ಎಲ್ಲರೂ ಮಾಡುವುದನ್ನೇ. ಎಂಬೆಡ್ ಹಾಕಬಾರದು ಎಂದು ಆದೇಶ ಹೊರಡಿಸಿದೆ. ಒಂದೂವರೆ ತಿಂಗಳು ನಡೆಯಿತು. ಆಮೇಲೆ ಬೋರ್ಡ್‌ಗಳನ್ನು ನೋಡಿದರೆ ತುಂಬಾ ಸ್ಕ್ರೀನ್‌ಶಾಟ್‌ಗಳು. ಎಂಬೆಡ್ ಆದರೆ ಫೈಲ್ ಮುಚ್ಚಿದರೆ ಅದೂ ಮುಚ್ಚುತ್ತದೆ. ಅಂಟಿಸಿದ ಚಿತ್ರ ಹಾಗಲ್ಲ, ಅಲ್ಲೇ ಕೂತಿರುತ್ತದೆ. ಫಿಗ್ಮಾದಿಂದ ಫ್ರೇಮ್‌ಗಳನ್ನು ಚಿತ್ರವಾಗಿ ಕಳಿಸುವ ಪ್ಲಗಿನ್ ಬಳಸಿದವರದ್ದೂ ಇದೇ ಕಥೆ. ಫೈಲ್ ನೋಡುವ ಅನುಮತಿ ಇಲ್ಲದವರಿಗೂ ಬೋರ್ಡಿನಲ್ಲಿ ಎಲ್ಲ ಕಾಣುತ್ತಿತ್ತು. ನಿಷೇಧದಿಂದ ಪರಿಸ್ಥಿತಿ ಹಾಳಾಯಿತೇ ಹೊರತು ಸುಧಾರಿಸಲಿಲ್ಲ.

ಎರಡನೇ ಪ್ರಯತ್ನ: ಎಲ್ಲ ಫೈಲ್‌ಗಳನ್ನೂ ಆಹ್ವಾನಿತರಿಗೆ ಮಾತ್ರ ಎಂದು ಮಾಡಿದೆ. ಮೂರೇ ದಿನದಲ್ಲಿ ದೂರು. ಗ್ರಾಹಕರು ಐಪ್ಯಾಡ್‌ನಲ್ಲಿ ಬೋರ್ಡ್ ತೆರೆದರೆ ಎಂಬೆಡ್ ಜಾಗದಲ್ಲಿ ಲಾಗಿನ್ ಪರದೆ ಬರುತ್ತದೆ. ಲಾಗಿನ್ ಆದರೂ ಮತ್ತೆ ಅದೇ. ಐಪ್ಯಾಡ್‌ನ ಬ್ರೌಸರ್ ಸಫಾರಿ 2020ರಿಂದಲೇ ಬೇರೆ ತಾಣದ ಕುಕಿಗಳನ್ನು (ಲಾಗಿನ್ ನೆನಪಿಡುವ ಸಣ್ಣ ಮಾಹಿತಿ) ಪೂರ್ತಿ ತಡೆಯುತ್ತದೆ, ಐಫ್ರೇಮ್ (ಪುಟದೊಳಗಿನ ಪುಟ) ಒಳಗೆ ಹೊರಗಿನ ಲಾಗಿನ್ ದಾಟುವುದಿಲ್ಲ. ಮೀಟಿಂಗ್ ಮಧ್ಯದಲ್ಲಿ ಇದನ್ನೆಲ್ಲ ವಿವರಿಸುತ್ತಾ ಕೂರಲು ಯಾರಿಗೂ ಪುರುಸೊತ್ತಿಲ್ಲ. ಡಿಸೈನರ್ ಸುಮ್ನೆ ಲಿಂಕ್ ಇದ್ದವರಿಗೆಲ್ಲ ತೆರೆದುಬಿಡುತ್ತಾನೆ. ಮತ್ತೆ ಮುಚ್ಚುವುದಿಲ್ಲ. ನಮ್ಮಲ್ಲಿ ಸೋರಿಕೆಯ ನಿಜವಾದ ಕಾರಣ ಇದು. ಹುಡುಗರ ಅಜಾಗರೂಕತೆ ಎಂದು ನಾನು ಬಯ್ಯುತ್ತಿದ್ದೆ, ಅದು ತಪ್ಪು. ಅವರಿಗೆ ಬೇರೆ ದಾರಿಯೇ ಇರಲಿಲ್ಲ.

ಆಗ ಹೊಳೆದದ್ದು ಇಷ್ಟೇ. ಫೈಲ್ ಒಂದು ಬಾಗಿಲು, ಬೋರ್ಡ್ ಇನ್ನೊಂದು. ಎರಡು ಅಡ್ಮಿನ್ ಪ್ಯಾನೆಲ್‌ಗಳೂ ತಮ್ಮ ತಮ್ಮ ಬಾಗಿಲನ್ನಷ್ಟೇ ನೋಡುತ್ತವೆ. ಎರಡೂ ಒಟ್ಟಿಗೆ ತೆರೆದಿರುವ ಜಾಗ ಎಲ್ಲಿದೆ ಎಂದು ಯಾರೂ ಎಣಿಸುವುದಿಲ್ಲ. ನಾನು ಎಣಿಸತೊಡಗಿದೆ.

2024ರ ಏಪ್ರಿಲ್‌ನಲ್ಲಿ ಪೈಥಾನ್ ಸ್ಕ್ರಿಪ್ಟ್ ಬರೆದೆ. ಮಿರೋ ಎಪಿಐಯಿಂದ (ಪ್ರೋಗ್ರಾಂ ಮೂಲಕ ಮಾಹಿತಿ ಕೇಳುವ ದಾರಿ) ಎಲ್ಲ ಬೋರ್ಡ್‌ಗಳು, ಅವುಗಳ ಹಂಚಿಕೆ ನಿಯಮ, ಪ್ರತಿ ಬೋರ್ಡಿನ ಎಂಬೆಡ್ ಐಟಂಗಳು. ಒಂದು ಸಲಕ್ಕೆ 50 ಐಟಂ ಬರುತ್ತವೆ, ಸುತ್ತು ಹಾಕುತ್ತಾ ಹೋಗಬೇಕು. ಪ್ರತಿ ಲಿಂಕಿನಿಂದ ಫಿಗ್ಮಾ ಫೈಲ್ ಕೀ (ಫೈಲಿನ ಗುರುತು) ತೆಗೆದು ಫಿಗ್ಮಾ ಎಪಿಐಗೆ ಕೊಡುವುದು. ಉತ್ತರದಲ್ಲಿ ಲಿಂಕ್‌ಆಕ್ಸೆಸ್ ಎಂಬ ಒಂದು ಸಾಲು ಇರುತ್ತದೆ, ಲಿಂಕ್ ಯಾರಿಗೆ ತೆರೆದಿದೆ ಎಂದು ಅದು ಹೇಳುತ್ತದೆ, ಬೇಕಾದದ್ದು ಅಷ್ಟೇ. ಫೈಲೂ ತೆರೆದಿದೆ, ಬೋರ್ಡೂ ತೆರೆದಿದೆ ಎಂದರೆ ಕೆಂಪು ಸಾಲು.

ಮೊದಲ ರಾತ್ರಿ ಸರ್ವರ್ ಮಲಗಿಬಿಟ್ಟಿತು. ತಿಂಗಳಿಗೆ 700 ರೂಪಾಯಿಯ, 1 ಜಿಬಿ ಮೆಮೊರಿಯ ಪುಟ್ಟ ವಿಪಿಎಸ್ (ಬಾಡಿಗೆ ಸರ್ವರ್) ಅದು. ನಾನು ಪ್ರತಿ ಫೈಲನ್ನೂ ಪೂರ್ತಿ ಎಳೆಯುತ್ತಿದ್ದೆ. ನಮ್ಮ ದೊಡ್ಡ ಕಾಂಪೊನೆಂಟ್ ಲೈಬ್ರರಿಯ (ಮತ್ತೆ ಮತ್ತೆ ಬಳಸುವ ಬಟನ್, ಐಕಾನ್‌ಗಳ ಸಂಗ್ರಹ) ಜೇಸನ್ ದತ್ತಾಂಶ ಬಂದಾಗ ಪ್ರಾಣ ಬಿಟ್ಟಿತು. ಡೆಪ್ತ್ 1 ಎಂದು ಕೇಳಿದರೆ ಪೇಜುಗಳ ಹೆಸರಿನವರೆಗೆ ಮಾತ್ರ ಬರುತ್ತದೆ. ಅಷ್ಟು ತಿದ್ದಿದ ಮೇಲೆ ಅದೇ ಪುಟ್ಟ ಸರ್ವರ್ ಇವತ್ತಿಗೂ ಸಾಕಾಗುತ್ತಿದೆ. ಮೊದಲ ಪೂರ್ತಿ ಓಟಕ್ಕೆ ಐದಾರು ಗಂಟೆ ಹಿಡಿಯಿತು. ಈಗ ಮುಕ್ಕಾಲು ಗಂಟೆ, ಬದಲಾದ ಬೋರ್ಡ್‌ಗಳನ್ನು ಮಾತ್ರ ನೋಡುತ್ತದೆ.

ಮೊದಲ ವರದಿ ನನಗೆ ಚೆನ್ನಾಗಿ ನೆನಪಿದೆ. ಸುಮಾರು 410 ಬೋರ್ಡ್, 2,600 ಎಂಬೆಡ್, ಬೇರೆ ಬೇರೆ ಫೈಲ್‌ಗಳು 900ರ ಆಸುಪಾಸು. ಎರಡೂ ಬಾಗಿಲು ತೆರೆದಿದ್ದ ಜೋಡಿಗಳು 140. ಸಂಸ್ಥೆಯ ಮಾಲೀಕರಿಗೆ ತೋರಿಸಿದಾಗ ಅವರು ಕೇಳಿದ್ದು ಒಂದೇ ಪ್ರಶ್ನೆ: "ಇದರಲ್ಲಿ ನಿಜವಾದ ಜನರ ಹೆಸರು, ಫೋನ್ ನಂಬರ್ ಎಷ್ಟರಲ್ಲಿದೆ?" ಇದ್ದವು. ನಮ್ಮವರು ಮಾದರಿ ಸ್ಕ್ರೀನಿಗೆ ಗ್ರಾಹಕರು ಕಳಿಸಿದ ಎಕ್ಸೆಲ್‌ನಿಂದಲೇ ಸಾಲುಗಳನ್ನು ಅಂಟಿಸಿದ್ದರು. 2023ರ ವೈಯಕ್ತಿಕ ದತ್ತಾಂಶ ಕಾಯ್ದೆಯಲ್ಲಿ ಸರಿಯಾದ ಭದ್ರತೆ ಇಡದಿದ್ದರೆ 250 ಕೋಟಿ ರೂಪಾಯಿವರೆಗೂ ದಂಡ ಹಾಕಬಹುದು. ಆ ಸಂಖ್ಯೆ ಕೇಳಿದ ಮೇಲೆ ಅವರು ಪ್ರತಿ ಶುಕ್ರವಾರ ನನಗೆ ಒಂದು ಗಂಟೆ, ಒಬ್ಬ ಜೂನಿಯರ್ ಕೊಟ್ಟರು. ಅದಕ್ಕೆ ಮುಂಚೆ ಆರು ತಿಂಗಳು ಕೇಳಿದ್ದೆ.

ಇನ್ನು ಕಾಣದ ಫೈಲ್‌ಗಳು. ನಾನು ಜಾಸ್ತಿ ಕಲಿತದ್ದು ಇಲ್ಲೇ. ಟೋಕನ್ (ಎಪಿಐಗೆ ಕೊಡುವ ಗುಪ್ತ ಕೀಲಿ) ಯಾರದ್ದೋ ಅವರಿಗೆ ಕಾಣುವ ಫೈಲ್ ಮಾತ್ರ ಎಪಿಐಗೂ ಕಾಣುತ್ತದೆ. ಉಳಿದವಕ್ಕೆ 403 (ಅನುಮತಿ ಇಲ್ಲ) ಅಥವಾ 404 (ಸಿಗಲಿಲ್ಲ) ಎಂಬ ಉತ್ತರ. ಮೊದಲು ಅವನ್ನು "ಅಳಿಸಿದ ಫೈಲ್ ಇರಬೇಕು" ಎಂದು ಬಿಟ್ಟುಬಿಟ್ಟಿದ್ದೆ. ಒಂದು ಸಂಜೆ ಬೇಸರಕ್ಕೆ ಅವನ್ನು ಒಂದೊಂದಾಗಿ ತೆರೆದು ನೋಡಿದೆ. 60 ಚಿಲ್ಲರೆ ಇದ್ದವು. ಅರ್ಧಕ್ಕಿಂತ ಜಾಸ್ತಿ ಡಿಸೈನರ್‌ಗಳ ಸ್ವಂತ ಡ್ರಾಫ್ಟ್‌ಗಳು. 11 ಫೈಲ್‌ಗಳಂತೂ ನಮ್ಮ ಸಂಸ್ಥೆಯ ಹೊರಗೆ, ಅವರ ಜಿಮೇಲ್ ಖಾತೆಗಳಲ್ಲಿದ್ದವು. ಅದರಲ್ಲಿ ಮೂರು, ಕೆಲಸ ಬಿಟ್ಟು ಹೋದವರದ್ದು. ಎಸ್ಎಸ್ಒ (ಸಂಸ್ಥೆಯ ಖಾತೆಯಿಂದಲೇ ಲಾಗಿನ್) ಹಾಕಿ, ಸೀಟ್ (ಬಳಕೆದಾರ ಪರವಾನಗಿ) ತೆಗೆದು, ಎಲ್ಲ ಮಾಡಿದ್ದೆವು. ಆದರೂ ಅವರ ಫೈಲ್ ನಮ್ಮ ಬೋರ್ಡಿನಲ್ಲಿ ಜೀವಂತವಾಗಿತ್ತು. ಅವರು ಅಲ್ಲಿ ಏನು ಬದಲಿಸಿದರೂ ನಮ್ಮ ಗ್ರಾಹಕರಿಗೆ ಕಾಣುತ್ತಿತ್ತು! ಈಗ ಕಾಣದ ಫೈಲ್ ಎಂದರೆ ನನಗೆ ಮೊದಲ ದರ್ಜೆಯ ಎಚ್ಚರಿಕೆ. ಅದು ಸಾರ್ವಜನಿಕವೋ ಅಲ್ಲವೋ ಎಂದು ಲಾಗಿನ್ ಇಲ್ಲದೆ, ಮನುಷ್ಯ ತೆರೆದು ನೋಡದೆ, ಸ್ಕ್ರಿಪ್ಟೇ ಪರೀಕ್ಷಿಸುವ ಒಂದು ಉಪಾಯ ಮಾಡಿಕೊಂಡಿದ್ದೇನೆ. ಅದನ್ನು ಇಲ್ಲಿ ಬರೆಯುವುದಿಲ್ಲ. ಎಂಬೆಡ್ ಹೇಗೆ ಕೆಲಸ ಮಾಡುತ್ತದೆ ಎಂದು ತಿಳಿದವರಿಗೆ ಹೊಳೆಯುತ್ತದೆ.

ಮಿರೋ ಕಡೆಯೂ ಹೀಗೇ. ಎಪಿಐ ಬಳಸಲು ಬೇಕಾದ ಆ್ಯಪ್ ಅನ್ನು ಪ್ರತಿ ಟೀಮ್‌ಗೂ ಬೇರೆಯಾಗಿ ಹಾಕಬೇಕು. ನಮ್ಮದು ಮೂರು ಟೀಮ್ ಇತ್ತು, ನಾನು ಒಂದಕ್ಕೆ ಮಾತ್ರ ಹಾಕಿ ಎರಡು ವಾರ ಖುಷಿಯಾಗಿದ್ದೆ. ಖಾಸಗಿ ಬೋರ್ಡ್ ನಮ್ಮ ಪ್ಲಾನ್‌ನಲ್ಲಿ ಅಡ್ಮಿನ್‌ಗೂ ಕಾಣುವುದಿಲ್ಲ. ಅದಕ್ಕೆ ಗ್ರಾಹಕರ ಬೋರ್ಡ್ ಎಲ್ಲ ಒಂದೇ ಟೀಮಿನಲ್ಲಿ, ಟೀಮಿಗೆ ಕಾಣುವಂತೆಯೇ ಇರಬೇಕು ಎಂದು ನಿಯಮ ಮಾಡಿದೆ.

ನನ್ನ ಇನ್ನೊಂದು ದೊಡ್ಡ ತಪ್ಪು ರೆಗೆಕ್ಸ್, ಅಂದರೆ ಲಿಂಕಿನಿಂದ ಕೀ ಹುಡುಕಿ ತೆಗೆಯುವ ಸೂತ್ರ. ಲಿಂಕಿನಲ್ಲಿ "ಫೈಲ್" ಎಂಬ ಪದದ ಮುಂದಿನದ್ದೇ ಕೀ ಎಂದು ಬರೆದಿದ್ದೆ. 2024ರಲ್ಲಿ ಫಿಗ್ಮಾ ಲಿಂಕ್‌ಗಳು "ಡಿಸೈನ್" ಎಂದು ಬರತೊಡಗಿದವು. ಹೊಸ ಎಂಬೆಡ್‌ಗಳು ಯಾವುವೂ ಲೆಕ್ಕಕ್ಕೆ ಸಿಗಲಿಲ್ಲ. ವರದಿಯಲ್ಲಿ ಕೆಂಪು ಸಾಲು ಕಡಿಮೆಯಾಗುತ್ತಿದೆ ಎಂದು ನಾನು ಮೀಟಿಂಗ್‌ನಲ್ಲಿ ಹೆಮ್ಮೆಯಿಂದ ಹೇಳುತ್ತಿದ್ದೆ. ಐದು ವಾರ ಕಳೆದ ಮೇಲೆ ಗೊತ್ತಾಯಿತು. ಈಗ ಫಿಗ್ಮಾದ ಪ್ರೋಟೋ, ಬೋರ್ಡ್, ಬ್ರಾಂಚ್ ಎಂಬ ಬೇರೆ ಬಗೆಯ ಲಿಂಕ್ ಎಲ್ಲವನ್ನೂ ಹಿಡಿಯುತ್ತದೆ. ಗುರುತು ಸಿಗದ ಫಿಗ್ಮಾ ಲಿಂಕ್ ಬಂದರೆ ಬಿಟ್ಟುಬಿಡುವ ಬದಲು ಕಿರುಚುತ್ತದೆ. ಟೋಕನ್ ಕೂಡ ಒಮ್ಮೆ ಕೈಕೊಟ್ಟಿತು. ಈಗಿನ ಟೋಕನ್ 90 ದಿನಕ್ಕಿಂತ ಜಾಸ್ತಿ ಬಾಳುವುದಿಲ್ಲ. ಒಂದು ಬೆಳಿಗ್ಗೆ "ಕಾಣದ ಫೈಲ್ 900" ಎಂದು ಮೇಲ್ ಬಂದಾಗ ಎದೆ ಧಸಕ್ ಎಂದಿತು. ಅವತ್ತಿನಿಂದ 80ನೇ ದಿನಕ್ಕೆ ಕ್ಯಾಲೆಂಡರ್‌ನಲ್ಲಿ ನೆನಪು.

ಎಣಿಸಿದರೆ ಸಾಲದು, ಡಿಸೈನರ್‌ಗೆ ದಾರಿಯೂ ಬೇಕಲ್ಲ. ಅದಕ್ಕೆ ಜಗಲಿ ಫೈಲ್. ಊರಿನ ಮನೆಗಳಲ್ಲಿ ಹೊರಗಿನವರು ಜಗಲಿಯಲ್ಲಿ ಕೂರುತ್ತಾರೆ, ಅಡುಗೆಮನೆಗೆ ಬರುವುದಿಲ್ಲ. ಹಾಗೆಯೇ ಪ್ರತಿ ಗ್ರಾಹಕರಿಗೆ ಎರಡು ಪ್ರಾಜೆಕ್ಟ್. ಅಡುಗೆಮನೆಯಲ್ಲಿ ನಮ್ಮ ಕೆಲಸ, ಲಿಂಕ್ ಯಾವತ್ತೂ ತೆರೆಯುವುದಿಲ್ಲ. ಒಪ್ಪಿಗೆಯಾದ ಫ್ರೇಮ್‌ಗಳನ್ನು ಮಾತ್ರ ಜಗಲಿ ಫೈಲಿಗೆ ನಕಲು ಮಾಡುತ್ತೇವೆ. ನೋಡುವವರು ನಕಲು, ಎಕ್ಸ್‌ಪೋರ್ಟ್ ಮಾಡದಂತೆ ಗುಂಡಿ ಆಫ್. ಕಾಮೆಂಟ್ ಇಲ್ಲ. ಎಂಬೆಡ್ ಮಾಡುವುದು ಇದನ್ನೇ. ಜಗಲಿ ಫೈಲಿನ ಲಿಂಕ್ ತೆರೆದಿರಬಹುದು, ಆಗ ಬೋರ್ಡ್ ಆಹ್ವಾನಿತರಿಗೆ ಮಾತ್ರ. ಬೋರ್ಡ್ ತೆರೆಯಬೇಕೆಂದರೆ ಫೈಲ್ ಮುಚ್ಚಬೇಕು. ಜಗಲಿ ಫೈಲ್ ತೆರೆದಿದ್ದರೆ ಐಪ್ಯಾಡ್ ತಂಟೆಯೂ ಇಲ್ಲ, ಎಂಬೆಡ್ ಲಾಗಿನ್ ಕೇಳುವುದೇ ಇಲ್ಲ. ಲಿಂಕನ್ನು ಯಾರಾದರೂ ಮುಂದೆ ಕಳಿಸಿದರೆ? ಕಳಿಸಬಹುದು. ಆದರೆ ಅದರಲ್ಲಿರುವುದು ನಾವು ತೋರಿಸಲು ಒಪ್ಪಿದ್ದು ಮಾತ್ರ. ನಕಲಿಗೆ ಪ್ರತಿ ಸಲ ಹತ್ತು ನಿಮಿಷ ಹಿಡಿಯುತ್ತದೆ ಎಂದು ಮೊದಲು ಗೊಣಗಾಟ ಇತ್ತು. ಆಮೇಲೆ ಡಿಸೈನರ್‌ಗಳೇ "ಪ್ರೆಸೆಂಟೇಶನ್ ಶುಚಿಯಾಯಿತು" ಎಂದರು.

ಎಪಿಐಯಿಂದ ಲಿಂಕ್ ಓದಬಹುದು, ಮುಚ್ಚಲು ಬರುವುದಿಲ್ಲ. ಆದ್ದರಿಂದ ಶುಕ್ರವಾರ ನಾಲ್ಕು ಗಂಟೆಗೆ ಜೂನಿಯರ್ ಪಟ್ಟಿ ಹಿಡಿದು ಕೈಯಾರೆ ಮುಚ್ಚುತ್ತಾಳೆ. ಮೊದಮೊದಲು ಎರಡು ಗಂಟೆಯಾಗುತ್ತಿತ್ತು. ಈಗ ಹತ್ತು ಹದಿನೈದು ನಿಮಿಷ, ನಾಲ್ಕೈದು ಸಾಲು ಇದ್ದರೆ ಹೆಚ್ಚು.

ಪ್ರತಿ ಜಗಲಿ ಫೈಲಿನಲ್ಲೂ ಗ್ರಾಹಕರಿಗೆ ತಕ್ಕಂತೆ ಒಂದು ಸಣ್ಣ ಗುರುತು ಇಡುತ್ತೇವೆ. ಎಲ್ಲಿ, ಹೇಗೆ ಎಂದು ಹೇಳಲಾರೆ. ಒಮ್ಮೆ ಪರದೆಯ ಫೋಟೋ ಒಂದು ನಮಗೇ ತಿರುಗಿ ಬಂದಾಗ ಯಾರ ಕಡೆಯಿಂದ ಹೊರಟಿದ್ದು ಎಂದು ಅರ್ಧ ಗಂಟೆಯಲ್ಲಿ ಹೇಳಿದೆ.

ಮಧ್ಯದಲ್ಲಿ ಒಂದು ಪಕ್ಕದ ಪ್ರಯೋಗವನ್ನೂ ಮಾಡಿದೆ. ಹೊರಗಿನ ಕ್ಲೌಡ್ ಬೇಡವೇ ಬೇಡ ಎನ್ನುವ ಒಬ್ಬ ಗ್ರಾಹಕರಿದ್ದಾರೆ. ಅವರಿಗಾಗಿ ಪೆನ್‌ಪಾಟ್ ಮತ್ತು ಎಕ್ಸ್‌ಕ್ಯಾಲಿಡ್ರಾ (ಫಿಗ್ಮಾ, ಮಿರೋಗಳ ಬದಲಿಗೆ ಬಳಸುವ ಮುಕ್ತ ತಂತ್ರಾಂಶಗಳು) ಎರಡನ್ನೂ ನಮ್ಮದೇ ಸರ್ವರ್‌ನಲ್ಲಿ ಕೂರಿಸಿದೆ, 4 ಜಿಬಿ, ತಿಂಗಳಿಗೆ 1,500 ರೂಪಾಯಿ ಆಗುತ್ತಿತ್ತು. ಎರಡನ್ನೂ ಒಂದೇ ಡೊಮೈನ್‌ನ ಎರಡು ಸಬ್‌ಡೊಮೈನ್‌ನಲ್ಲಿ ಇಟ್ಟೆ. ಆಗ ಬ್ರೌಸರ್‌ಗೆ ಎರಡೂ ಒಂದೇ ಮನೆ, ಸೇಮ್‌ಸೈಟ್ ಲ್ಯಾಕ್ಸ್ ಕುಕಿ ದಾಟುತ್ತದೆ. ಐಪ್ಯಾಡ್‌ನಲ್ಲೂ ಎಂಬೆಡ್ ಒಳಗೆ ಲಾಗಿನ್ ನಿಂತಿತು! ಅವತ್ತು ರಾತ್ರಿ ಮನೆಗೆ ಹೋಗಲು ಮನಸ್ಸಾಗಲಿಲ್ಲ. ಫ್ರೇಮ್ ಆ್ಯನ್‌ಸೆಸ್ಟರ್ಸ್ ಹೆಡರ್‌ನಲ್ಲಿ ನಮ್ಮ ಬೋರ್ಡಿನ ವಿಳಾಸ ಒಂದನ್ನೇ ಬರೆದೆ, ಬೇರೆ ಯಾರ ಪುಟದೊಳಗೂ ಆ ಫೈಲ್ ಕೂರುವುದಿಲ್ಲ. ಎಕ್ಸ್‌ಕ್ಯಾಲಿಡ್ರಾ ತನ್ನ ಪಟ್ಟಿಯಲ್ಲಿರುವ ತಾಣಗಳನ್ನಷ್ಟೇ ಎಂಬೆಡ್ ಮಾಡಲು ಬಿಡುತ್ತದೆ. ನಮ್ಮ ವಿಳಾಸ ಸೇರಿಸಲು ಸ್ವಂತ ಬಿಲ್ಡ್ ಮಾಡಬೇಕಾಯಿತು, ಅದಕ್ಕೆ ಎರಡು ಶನಿವಾರ ಹೋಯಿತು. ಡಿಸೈನರ್‌ಗಳು ತಂದು ಹಾಕುವ ಎಸ್‌ವಿಜಿ ಒಳಗೆ ಸ್ಕ್ರಿಪ್ಟ್ ಇರಬಹುದು, ಅದನ್ನು ಚಿತ್ರದ ಟ್ಯಾಗ್‌ನಲ್ಲೇ ತೋರಿಸಿ, ಆಗ ಆ ಸ್ಕ್ರಿಪ್ಟ್ ಓಡುವುದಿಲ್ಲ. ಸ್ಟುಡಿಯೋಗೆಲ್ಲ ಇದನ್ನೇ ತರೋಣ ಎಂದುಕೊಂಡೆ, ಆಗಲಿಲ್ಲ. ನಾಲ್ಕು ವರ್ಷದ ಕಾಂಪೊನೆಂಟ್ ಲೈಬ್ರರಿ ಫಿಗ್ಮಾದಲ್ಲಿದೆ. ಆ ಒಬ್ಬ ಗ್ರಾಹಕರಿಗೆ ಮಾತ್ರ ಇವತ್ತೂ ಓಡುತ್ತಿದೆ.

ಒಟ್ಟು ಖರ್ಚು ಲೆಕ್ಕ ಹಾಕಿದರೆ ಮೊದಲ ವರ್ಷ ಎರಡು ಸರ್ವರ್ ಸೇರಿ 27,000 ರೂಪಾಯಿ ಹತ್ತಿರ. ಜೊತೆಗೆ ನನ್ನ ಸಂಜೆಗಳು. ಕೊಟೇಶನ್ ಕೊಟ್ಟ ಸಲಹೆಗಾರರು ಕಳೆದ ತಿಂಗಳು ಫೋನ್ ಮಾಡಿ, ತಮ್ಮ ಇನ್ನೊಬ್ಬ ಗ್ರಾಹಕರಿಗೆ ಈ ಸ್ಕ್ರಿಪ್ಟ್ ಕೊಡುತ್ತೀರಾ ಎಂದು ಕೇಳಿದರು.

ಉಳಿದಿರುವುದು ಅಂಟಿಸಿದ ಚಿತ್ರಗಳು. ಇಮೇಜ್ ಐಟಂಗಳ ಪಟ್ಟಿ ಎಪಿಐಯಿಂದ ಸಿಗುತ್ತದೆ, ಆದರೆ ಯಾವುದು ಸ್ಕ್ರೀನ್‌ಶಾಟ್, ಯಾವುದು ಯಾರೋ ತಂದ ಫೋಟೋ ಎಂದು ಕಣ್ಣಿನಿಂದಲೇ ನೋಡಬೇಕು. ಕಳೆದ ಶುಕ್ರವಾರ 38 ಅಳಿಸಿದೆವು. ಈ ವಾರ ಅಡುಗೆಮನೆ ಫ್ರೇಮ್‌ಗಳ ಮೂಲೆಯಲ್ಲೂ ಆ ಸಣ್ಣ ಗುರುತನ್ನೇ ಇಟ್ಟು, ಸ್ಕ್ರಿಪ್ಟ್ ಅದನ್ನು ಚಿತ್ರದಲ್ಲಿ ಹುಡುಕುತ್ತದೆಯೇ ಎಂದು ನೋಡುತ್ತಿದ್ದೇನೆ. ಹತ್ತರಲ್ಲಿ ಆರು ಸಿಗುತ್ತಿವೆ.