ಔಷಧಿ ಡಬ್ಬದ ಮೇಲಿನ ಬಣ್ಣ ಓದೋದು ಹೇಗೆ?

ಮಳೆ ಹಿಡಿಯೋ ಮುಂಚೆ ತೋಟಕ್ಕೆ ಔಷಧಿ ಹೊಡೆಯೋ ಗಡಿಬಿಡಿಯಲ್ಲಿ ಡಬ್ಬದ ಮೇಲೆ ಏನಿದೆ ಅಂತ ನೋಡೋಕೆ ಯಾರಿಗೂ ಪುರುಸೊತ್ತಿರಲ್ಲ. ಹೋದ ವರ್ಷ ಕೊಡಗಿನ ಸೋಮವಾರಪೇಟೆ ಕಡೆ ನೆಂಟರ ಗೋಡೌನ್‌ಗೆ ಹೋಗಿದ್ದೆ, ಕುಡಿಯೋ ನೀರಿನ ಬಾಟಲಿಯಲ್ಲಿ ಅರ್ಧ ಉಳಿದ ಕೀಟನಾಶಕ ಇಟ್ಟಿದ್ರು, ಹೊರಗೆ ಲೈನ್ ಮನೆ (ತೋಟದ ಆಳುಗಳ ಸಾಲುಮನೆ) ಮಕ್ಕಳು ಆಡ್ತಿದ್ರು, ನಂಗೆ ಎದೆ ಧಸಕ್ಕಂತು.

ಅಂಗಡಿಯಲ್ಲೇ ಶುರು ಮಾಡಿ. 1968ರ ಕೀಟನಾಶಕ ಕಾಯ್ದೆ, 1971ರ ನಿಯಮಗಳ ಪ್ರಕಾರ ಮಾರೋರಿಗೆ ಲೈಸೆನ್ಸ್ ಬೇಕು, ಬಿಲ್ ಕೊಡಬೇಕು. ಡಬ್ಬದ ಮೇಲೆ ನೋಂದಣಿ ಸಂಖ್ಯೆ, ಬ್ಯಾಚ್ ನಂಬರ್, ತಯಾರಾದ ದಿನ, ಎಕ್ಸ್‌ಪೈರಿ ಇರಲೇಬೇಕು. ಸೀಲ್ ಒಡೆದು ಚಿಲ್ಲರೆ ಕೊಡ್ತೀನಿ ಅಂದ್ರೆ ಬೇಡ ಅನ್ನಿ, ಎಷ್ಟು ಅಗ್ಗ ಆದ್ರೂ.

ಆಮೇಲೆ ಬಣ್ಣ ನೋಡಿ. ಲೇಬಲ್‌ನಲ್ಲಿ ವಜ್ರದ ಆಕಾರದ ಚೌಕ ಇರುತ್ತೆ, ಲೇಬಲ್‌ನ ಹದಿನಾರನೇ ಒಂದು ಭಾಗಕ್ಕಿಂತ ಚಿಕ್ಕದಿರಬಾರದು, ಆ ಚೌಕದೊಳಗೇ ಕೆಳಗಿನ ಅರ್ಧ ಭಾಗದ ತ್ರಿಕೋನದ ಬಣ್ಣವೇ ಮುಖ್ಯ. ಕೆಂಪು ಅಂದ್ರೆ ಅತಿ ಘೋರ ವಿಷ, ಮೇಲೆ ತಲೆಬುರುಡೆ ಚಿತ್ರನೂ ಇರುತ್ತೆ. ಪ್ರಯೋಗದ ಪ್ರಾಣಿಗಳಿಗೆ ತಿನ್ನಿಸಿದಾಗ ಒಂದು ಕೆಜಿ ತೂಕಕ್ಕೆ 50 ಮಿಲಿಗ್ರಾಂ ಒಳಗೇ ಅರ್ಧದಷ್ಟು ಸಾಯೋವಂಥದ್ದು ಇದು. ಅದೇ ಲೆಕ್ಕದಲ್ಲಿ ಹಳದಿ 51ರಿಂದ 500 ಮಿಲಿಗ್ರಾಂ, ನೀಲಿ 501ರಿಂದ 5000, ಹಸಿರು ಅದಕ್ಕೂ ಮೇಲೆ, ಅಂದ್ರೆ ಸಂಖ್ಯೆ ಹೆಚ್ಚಿದಷ್ಟೂ ವಿಷ ಕಮ್ಮಿ. ಹಸಿರು ಅಂತ ಬರಿಗೈಯಲ್ಲಿ ಕಲಸೋರನ್ನ ನೋಡಿದೀನಿ, ದಯವಿಟ್ಟು ಬೇಡ, ಹಸಿರೂ ಔಷಧಿಯೇ, ನೀರಲ್ಲ.

ಒಳಗಿನ ಕರಪತ್ರನ ಬಿಸಾಡಬೇಡಿ. ಹೊಡೆಯೋ ಆಳುಗಳಿಗೆ ಓದಿ ಹೇಳಿ, ನಮ್ಮ ತೋಟದಲ್ಲಿ ಅಸ್ಸಾಂ, ಜಾರ್ಖಂಡ್‌ನಿಂದ ಬಂದೋರೂ ಇದಾರೆ, ಅವರಿಗೆ ಅದರಲ್ಲಿರೋ ಹಿಂದಿ ತೋರಿಸಿ. ಕೈಗವಸು, ಮಾಸ್ಕ್ ಕೊಡೋದು ನಿಮ್ಮ ಕೆಲಸ.

ಉಳಿದಿದ್ದನ್ನ ಅದೇ ಡಬ್ಬದಲ್ಲಿ, ಬೀಗ ಹಾಕಿ, ಅಕ್ಕಿ ಬೇಳೆ ಮೇವಿನಿಂದ ದೂರ ಇಡಿ. ಖಾಲಿ ಡಬ್ಬ ತೋಡಿಗೆ (ಹಳ್ಳಕ್ಕೆ) ಎಸೆದ್ರೆ ಕೊನೆಗೆ ಕಾವೇರಿಗೇ ಸೇರೋದು. ನಿಯಮದ ಪ್ರಕಾರ ಡಬ್ಬ ಒಡೆದು, ಮನೆಗಳಿಂದ ದೂರ ಹೂಳಬೇಕು.

ಯಾರಿಗಾದ್ರೂ ಹೊಡೆಯುವಾಗ ತಲೆಸುತ್ತು, ವಾಂತಿ, ಬಾಯಲ್ಲಿ ಜೊಲ್ಲು ಬಂದ್ರೆ ಬಟ್ಟೆ ಬಿಚ್ಚಿಸಿ, ಮೈನ ಸೋಪು ನೀರಲ್ಲಿ ತೊಳೆದು, 108ಕ್ಕೆ ಫೋನ್ ಮಾಡಿ. ಆಸ್ಪತ್ರೆಗೆ ಹೋಗುವಾಗ ಡಬ್ಬ ಜೊತೆಗೇ ಒಯ್ಯಿರಿ, ಪ್ರತಿವಿಷ ಯಾವುದು ಅಂತ ಲೇಬಲ್ ಮೇಲೆ ಬರೆದಿರುತ್ತೆ, ಡಾಕ್ಟ್ರು ಮೊದಲು ಅದನ್ನೇ ಕೇಳ್ತಾರೆ.