ಸುಮ್ಮನೆ ಮಲಗಿದ ಅಜ್ಜನ ಮೇಲೂ ಒಂದು ಕಣ್ಣಿರಲಿ

ಒಂದು ನೈಟ್ ಡ್ಯೂಟಿಯಲ್ಲಿ ಅಜ್ಜನೊಬ್ಬರ ಚಾರ್ಟಿನಲ್ಲಿ 'ಚೆನ್ನಾಗಿ ನಿದ್ದೆ ಮಾಡಿದ್ದಾರೆ' ಅಂತ ಬರೆದು ಸಹಿ ಹಾಕಿದ್ದೆ. ಸೊಂಟದ ಮೂಳೆಯ ಆಪರೇಷನ್ ಆಗಿ ಎರಡನೇ ದಿನ. ಬೆಳಿಗ್ಗೆ ಮಗಳು ಬಂದವರೇ, "ಸಿಸ್ಟರ್, ಅಪ್ಪ ಹೀಗಿರೋರೇ ಅಲ್ಲ" ಎಂದರು. ನಿಜ. ಅದು ನಿದ್ದೆಯಾಗಿರಲಿಲ್ಲ, ಡೆಲಿರಿಯಮ್, ಅಂದರೆ ಇದ್ದಕ್ಕಿದ್ದಂತೆ ಬುದ್ಧಿ ಗಲಿಬಿಲಿಯಾಗಿ ಗಮನ ತಪ್ಪುವ ಸ್ಥಿತಿ. ಅವರ ಹಿಯರಿಂಗ್ ಏಡ್ ಡ್ರಾಯರಿನಲ್ಲಿ ಹತ್ತಿ ಉಂಡೆಗಳ ಜೊತೆ ಬಿದ್ದಿತ್ತು. ಎರಡು ದಿನದಿಂದ ನಾವು ಆಡಿದ ಮಾತು ಅವರ ಕಿವಿಗೇ ಬಿದ್ದಿರಲಿಲ್ಲ.

ಕೂಗಾಡಿ ಡ್ರಿಪ್ ಕಿತ್ತು ಬಿಸಾಡುವವರನ್ನು ಯಾರೂ ಮರೆಯೋದಿಲ್ಲ. ಮಂಕಾಗಿ ಬಿದ್ದುಕೊಂಡವರೇ ನಮ್ಮ ಕಣ್ಣು ತಪ್ಪಿಸೋದು. ಮರೆವಿನ ಕಾಯಿಲೆ ವರ್ಷಗಟ್ಟಲೆ ನಿಧಾನಕ್ಕೆ ಏರುತ್ತದೆ. ಡೆಲಿರಿಯಮ್ ಗಂಟೆಗಳಲ್ಲಿ, ದಿನಗಳಲ್ಲಿ ಬರುತ್ತದೆ, ಬೆಳಿಗ್ಗೆ ಸರಿ ಇದ್ದವರು ಸಂಜೆಗೆ ಬೇರೆಯೇ ಆಗಿರುತ್ತಾರೆ. 65 ದಾಟಿದವರು, ಮೊದಲೇ ಮರೆವು ಇರುವವರು, ಸೊಂಟದ ಮೂಳೆ ಮುರಿದವರು, ತುಂಬಾ ಕಾಯಿಲೆಯಾದವರು ಬಂದರೆ ಮೊದಲ ದಿನದಿಂದಲೇ ಎಚ್ಚರ ಬೇಕು.

ಬೆಡ್‌ಗೆ ಬಂದ ಕೂಡಲೇ ಕನ್ನಡಕ, ಹಿಯರಿಂಗ್ ಏಡ್, ಹಲ್ಲುಸೆಟ್ ಎಲ್ಲಿದೆ ಅಂತ ಕೇಳಿ. ಬ್ಯಾಟರಿ ನೋಡಿ. ಕನ್ನಡಕ ಒರೆಸಿ ಕೊಡಿ. ಮನೆಯವರನ್ನು "ಮಾಮೂಲಿಯಾಗಿ ಹೇಗಿರ್ತಾರೆ?" ಅಂತ ಕೇಳಿ ಬರೆದಿಟ್ಟುಕೊಳ್ಳಿ. ನಾಳೆ ಹೋಲಿಸಿ ನೋಡೋದಕ್ಕೆ ನಿಮಗೆ ಬೇರೇನೂ ಇರೋದಿಲ್ಲ. ನೀರಿನ ಲೋಟ ಅವರ ಕೈಗೆ ಎಟುಕಬೇಕು. ಮಂಚದ ಆಚೆ ಟೇಬಲ್ ಮೇಲಿಟ್ಟ ಲೋಟ ನಮ್ಮ ಸಮಾಧಾನಕ್ಕೆ ಮಾತ್ರ, ಅಲ್ವಾ?

ಚಡಪಡಿಕೆ ಶುರುವಾದರೆ ನಾನು ಮೊದಲು ನೋಡೋದು ಹೊಟ್ಟೆಯ ಕೆಳಭಾಗ. ಒಬ್ಬ ಅಜ್ಜಿ ರಾತ್ರಿಯೆಲ್ಲ ಗೌನ್ ಎಳೆದಾಡುತ್ತಿದ್ದರು. ಮಂಪರಿನ ಔಷಧಿ ಕೊಡಿ ಅಂತ ಜೊತೆಯವಳು ಒತ್ತಾಯ ಮಾಡಿದಳು. ಕೈಯಿಟ್ಟು ನೋಡಿದರೆ ಮೂತ್ರಚೀಲ ಕಲ್ಲಿನ ಹಾಗೆ ಗಟ್ಟಿ! ಖಾಲಿ ಮಾಡಿಸಿದ ಮೇಲೆ ತಾವಾಗೇ ಮಲಗಿದರು. ಮಲ ಕಟ್ಟಿದ್ದರೂ ಹೀಗೇ. ಮೂತ್ರ ಹೋಗೋದಕ್ಕೆ ಕ್ಯಾಥೆಟರ್ ನಳಿಕೆ ಹಾಕಿದ್ದರೆ, ಇದು ಇನ್ನೂ ಯಾಕೆ ಬೇಕು ಅಂತ ದಿನಾ ರೌಂಡ್ಸಿನಲ್ಲಿ ಕೇಳಿ. ಡಾಕ್ಟರ್ ಮುಖ ಸಿಂಡರಿಸಿದರೂ ಪರವಾಗಿಲ್ಲ.

ನೋವು ತಡೆದುಕೊಂಡು ಮಲಗಿದವರಿಗೂ ಡೆಲಿರಿಯಮ್ ಬರುತ್ತದೆ, ನೋವಿನ ಮಾತ್ರೆ ಜಾಸ್ತಿಯಾದವರಿಗೂ ಬರುತ್ತದೆ. ಆದ್ದರಿಂದ ಕೇಳಿ, ಮುಖ ನೋಡಿ, ಆಮೇಲೆ ಡೋಸ್ ಬಗ್ಗೆ ಮಾತಾಡಿ. ನಿದ್ದೆ ಬರಲಿ ಅಂತ ಲೋರಾಜೆಪಾಮ್, ಡೈಫೆನ್‌ಹೈಡ್ರಮೀನ್ ಬರೆದಿದ್ದರೆ ಕೊಡುವ ಮೊದಲು ಡಾಕ್ಟರನ್ನು ಒಮ್ಮೆ ಕೇಳಿ. ಈ ವಯಸ್ಸಿನಲ್ಲಿ ಅವೇ ತಲೆ ಕೆಡಿಸುತ್ತವೆ. ರಾತ್ರಿ ಲೈಟ್ ಕಡಿಮೆ ಮಾಡಿ. ಸ್ಥಿರವಾಗಿರುವವರನ್ನು ಎರಡು ಗಂಟೆಗೆ ಬಿಪಿಗೋಸ್ಕರ ಎಬ್ಬಿಸಲೇಬೇಕಾ ಅಂತ ಡಾಕ್ಟರ್ ಹತ್ತಿರ ಮೊದಲೇ ಮಾತಾಡಿಕೊಳ್ಳಿ. ಹಗಲು ಪರದೆ ತೆಗೆಯಿರಿ, ಊಟಕ್ಕೆ ಕುರ್ಚಿಯಲ್ಲಿ ಕೂರಿಸಿ, ಆದಷ್ಟು ನಡೆಸಿ. ಕೈ ಕಟ್ಟಬೇಡಿ, ಅದರಿಂದ ಗಾಬರಿ ಇನ್ನೂ ಜಾಸ್ತಿಯಾಗುತ್ತದೆ.

ಇದೆಲ್ಲ ಸಣ್ಣ ಕೆಲಸ ಅನ್ನಿಸಬಹುದು. 1999ರಲ್ಲಿ ಅಮೆರಿಕದ ವೈದ್ಯೆ ಶರಾನ್ ಇನೋಯೆ ಅವರ ತಂಡ 70 ಮತ್ತು ಅದಕ್ಕೆ ಮೇಲ್ಪಟ್ಟ 852 ರೋಗಿಗಳಲ್ಲಿ ಇಂಥದ್ದೇ ಆರೈಕೆ ಮಾಡಿ ನೋಡಿತು. ಮಾಮೂಲಿ ಆರೈಕೆಯಲ್ಲಿ 15% ಜನರಿಗೆ ಬಂದ ಡೆಲಿರಿಯಮ್ ಇಲ್ಲಿ 9.9% ಜನರಿಗೆ ಬಂತು. ಆದರೆ ಒಮ್ಮೆ ಬಂದವರಲ್ಲಿ ಅದರ ತೀವ್ರತೆ ಅಷ್ಟೇನೂ ಕಡಿಮೆಯಾಗಲಿಲ್ಲ. ಅದಕ್ಕೇ ನಾನು ಮೊದಲ ದಿನ, ಮೊದಲ ದಿನ ಅಂತ ಬಡಿದುಕೊಳ್ಳೋದು.

ಅನುಮಾನ ಬಂದರೆ ಡಿಸೆಂಬರ್‌ನಿಂದ ಹಿಂದಕ್ಕೆ ತಿಂಗಳು ಹೇಳಿಸಿ. ದಾರಿಯಲ್ಲೇ ಎಳೆ ತಪ್ಪಿ ಕಿಟಕಿ ನೋಡುತ್ತಾ ಕೂತರೆ ಡಾಕ್ಟರಿಗೆ ಹೇಳಿ, ಬೆಳಿಗ್ಗೆಯವರೆಗೆ ಕಾಯಬೇಡಿ. ಈಗ ನನ್ನ ಚಾರ್ಟಿನಲ್ಲಿ 'ನಿದ್ದೆ' ಅಂತ ಒಂದೇ ಪದ ಇರೋದಿಲ್ಲ. 'ನಾಲ್ಕು ಗಂಟೆ. ಮೆಲ್ಲಗೆ ಕರೆದೆ. ಕಣ್ಣು ಬಿಟ್ಟರು, ಹೆಸರು ಹೇಳಿದರು, ಎರಡು ಗುಟುಕು ನೀರು ಕುಡಿದರು' ಅಂತ ಬರೆಯುತ್ತೇನೆ.